ಶಸ್ತ್ರಚಿಕಿತ್ಸೆ ಇದೆಯೇ? ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ

ಮಂಡಿಯ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಗೆಂದು ಬಂದಿದ್ದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಅರಿವಳಿಕೆ ತಪಾಸಣೆಗೆ ನನ್ನೆದುರು ಕುಳಿತಿದ್ದರು. ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. ಬಿಪಿಗೆ ಒಂದು, ಥೈರಾಯ್ಡಿಗೆ ಒಂದು ಎಂದರು. ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿದಾಗ ಕೊನೆಯಲ್ಲಿ ಅರ್ಧ ಖಾಲಿಯಾದ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಪಟ್ಟಿಯೊಂದು ಬಿತ್ತು. ‘ಅದು ಕೀಲುನೋವಿನದು ಡಾಕ್ಟ್ರೇ, ಮೂರು ವರ್ಷ ತೆಗೆದುಕೊಂಡೆ. ಆಪರೇಷನ್‌ಗೆ ಒಳ್ಳೆಯದಲ್ಲ ಎಂದು ಯಾರೋ ಹೇಳಿದರು, ಹತ್ತು ದಿನದ ಹಿಂದೆ ನಾನೇ ಬಿಟ್ಟೆ’ ಎಂದರು. ಅವರ ಮುಂಗೈಯ ಚರ್ಮ ಕಾಗದದಷ್ಟು ತೆಳುವಾಗಿತ್ತು, ಅಲ್ಲಲ್ಲಿ ನೇರಳೆ ಕಲೆಗಳಿದ್ದವು. ವಾರದಿಂದ ಊಟ ಸೇರುತ್ತಿಲ್ಲ, ಎದ್ದು ನಿಂತರೆ ತಲೆ ಸುತ್ತುತ್ತದೆ ಎಂದರು. ಮಲಗಿಸಿ ನೋಡಿದ ರಕ್ತದೊತ್ತಡ ನಿಲ್ಲಿಸಿ ನೋಡಿದಾಗ ಸರ್ರನೆ ಇಳಿಯಿತು. ಶಸ್ತ್ರಚಿಕಿತ್ಸೆಯನ್ನು ಮುಂದೂಡಿ, ಮಾತ್ರೆಯನ್ನು ಅಂದೇ ಮತ್ತೆ ಶುರು ಮಾಡಿಸಿದೆವು.

ಆ ಪಟ್ಟಿ ಕಣ್ಣಿಗೆ ಬೀಳದೇ ಇದ್ದಿದ್ದರೆ ಅವರು ಅದೇ ಸ್ಥಿತಿಯಲ್ಲಿ ಆಪರೇಷನ್ ಮೇಜಿನ ಮೇಲೆ ಮಲಗುತ್ತಿದ್ದರು. ಈ ಅಪಾಯವನ್ನು ತಪ್ಪಿಸಲು ದುಬಾರಿ ಯಂತ್ರಗಳೇನೂ ಬೇಕಿಲ್ಲ. ರೋಗಿ ಒಂದು ಮಾತು ಹೇಳಬೇಕು, ವೈದ್ಯರು ಒಂದು ಚುಚ್ಚುಮದ್ದು ಕೊಡಬೇಕು. ಅದನ್ನು ಹೇಗೆ ಮಾಡುವುದು ಎಂದು ಕ್ರಮವಾಗಿ ನೋಡೋಣ.

ಮೊದಲು ಗ್ರಂಥಿಯ ಕೆಲಸ ತಿಳಿಯಿರಿ

ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವುದು ಅಡ್ರಿನಲ್ ಗ್ರಂಥಿ. ಒಂದೊಂದರ ತೂಕ 4ರಿಂದ 5 ಗ್ರಾಂ. ಅದರ ಹೊರಪದರ ದಿನಕ್ಕೆ ಸುಮಾರು 10 ಮಿ.ಗ್ರಾಂ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ನಸುಕಿನಲ್ಲಿ ಹೆಚ್ಚು, ನಡುರಾತ್ರಿಯ ಹೊತ್ತಿಗೆ ಅತಿ ಕಡಿಮೆ. ಎಷ್ಟು ತಯಾರಿಸಬೇಕೆಂದು ಅಪ್ಪಣೆ ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ, ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನಿನ ಮೂಲಕ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಿದ್ದರೆ ಪಿಟ್ಯುಟರಿ ಸುಮ್ಮನಾಗುತ್ತದೆ.

ತೊಡಕು ಇಲ್ಲಿಯೇ ಇದೆ. ನಾವು ನುಂಗುವ ಪ್ರೆಡ್ನಿಸೊಲೋನನ್ನೂ ಪಿಟ್ಯುಟರಿ ಕಾರ್ಟಿಸಾಲ್ ಎಂದೇ ಎಣಿಸುತ್ತದೆ. ಹೊರಗಿನಿಂದ ವಾರಗಟ್ಟಲೆ, ತಿಂಗಳುಗಟ್ಟಲೆ ಮಾತ್ರೆ ಬರುತ್ತಿದ್ದರೆ ಅದು ಅಪ್ಪಣೆ ಕಳಿಸುವುದನ್ನೇ ಬಿಡುತ್ತದೆ. ಪ್ಲಾಸ್ಟರ್ ಹಾಕಿದ ಕಾಲಿನ ಸ್ನಾಯು ಸೊರಗುವಂತೆ, ಕೆಲಸವಿಲ್ಲದ ಅಡ್ರಿನಲ್ ಕುಗ್ಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೆ ಅದು ಮೊದಲಿನಂತಾಗಲು ಆರು ತಿಂಗಳು, ಕೆಲವರಲ್ಲಿ ಒಂದು ವರ್ಷವೂ ಬೇಕಾಗಬಹುದು.

ಸಾಮಾನ್ಯ ದಿನಗಳಲ್ಲಿ ಇದು ಗೊತ್ತೇ ಆಗದಿರಬಹುದು. ಆದರೆ ಶಸ್ತ್ರಚಿಕಿತ್ಸೆ ದೇಹದ ಪಾಲಿಗೆ ದೊಡ್ಡ ಪೆಟ್ಟು. ಆರೋಗ್ಯವಂತರ ಅಡ್ರಿನಲ್ ಆ ದಿನ ಉತ್ಪಾದನೆಯನ್ನು ಹಲವು ಪಟ್ಟು ಏರಿಸುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯಾದರೆ 100 ಮಿ.ಗ್ರಾಂ ಮುಟ್ಟುವುದೂ ಉಂಟು. ರಕ್ತನಾಳಗಳು ಅಡ್ರಿನಲಿನ್ನಿಗೆ ಓಗೊಟ್ಟು ಬಿಗಿಯಾಗಬೇಕಾದರೆ ಕಾರ್ಟಿಸಾಲ್ ಜೊತೆಗಿರಬೇಕು. ಅದಿಲ್ಲದಿದ್ದರೆ ರಕ್ತದೊತ್ತಡ ಕುಸಿಯುತ್ತದೆ. ಸಲೈನ್ ಹರಿಸಿದರೂ, ಒತ್ತಡ ಏರಿಸುವ ಔಷಧ ಕೊಟ್ಟರೂ ಮೇಲೇಳುವುದಿಲ್ಲ.

ಈ ಪಾಠ ಸುಲಭವಾಗಿ ಸಿಕ್ಕಿದ್ದಲ್ಲ. ದೇಹದಲ್ಲಿ ಕಾರ್ಟಿಸಾಲ್ ಆಗಿ ಬದಲಾಗುವ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಸಂಧಿವಾತದ ರೋಗಿಗೆ ಮೊದಲ ಬಾರಿ ಕೊಟ್ಟದ್ದು 1948ರಲ್ಲಿ. ಹಾಸಿಗೆ ಹಿಡಿದವರು ಎದ್ದು ನಡೆದರು. ಫಿಲಿಪ್ ಹೆಂಚ್, ಎಡ್ವರ್ಡ್ ಕೆಂಡಲ್ ಮತ್ತು ಟಾಡ್ಯೂಸ್ ರೈಕ್‌ಸ್ಟೈನ್ ಅವರಿಗೆ 1950ರಲ್ಲೇ ನೊಬೆಲ್ ಬಂತು. ಎರಡೇ ವರ್ಷದಲ್ಲಿ, 1952ರಲ್ಲಿ, ವೈದ್ಯ ಪತ್ರಿಕೆಯೊಂದರಲ್ಲಿ ಇನ್ನೊಂದು ಮುಖ ಪ್ರಕಟವಾಯಿತು: ಕಾರ್ಟಿಸೋನ್ ಪಡೆದಿದ್ದ 34 ವರ್ಷದ ಸಂಧಿವಾತದ ರೋಗಿಯೊಬ್ಬ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಕುಸಿದು ತೀರಿಕೊಂಡಿದ್ದ. ಶವಪರೀಕ್ಷೆಯಲ್ಲಿ ಅವನ ಅಡ್ರಿನಲ್ ಗ್ರಂಥಿಗಳು ಸೊರಗಿ ಹೋಗಿದ್ದುದು ಕಂಡಿತು.

ಹಂತ 1: ಸ್ಟೀರಾಯ್ಡ್ ಎಲ್ಲೆಲ್ಲಿ ಅಡಗಿದೆ, ಹುಡುಕಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ತಪ್ಪುವುದು ಇಲ್ಲಿಯೇ. ಕಳೆದ ಒಂದು ವರ್ಷದಲ್ಲಿ ತೆಗೆದುಕೊಂಡ ಎಲ್ಲ ಔಷಧಗಳನ್ನೂ ನೆನಪಿಸಿಕೊಂಡು ಬರೆಯಿರಿ. ಮಾತ್ರೆಗಳು ಮಾತ್ರವಲ್ಲ, ಅಸ್ತಮಾದ ಇನ್‌ಹೇಲರ್, ಮೂಗಿಗೆ ಹಾಕುವ ಸ್ಪ್ರೇ, ಮಂಡಿಗೋ ಭುಜಕ್ಕೋ ಹಾಕಿಸಿಕೊಂಡ ಇಂಜೆಕ್ಷನ್, ಮೈಯ ಹೆಚ್ಚಿನ ಭಾಗಕ್ಕೆ ತಿಂಗಳುಗಟ್ಟಲೆ ಹಚ್ಚಿದ ಮುಲಾಮು, ಎಲ್ಲವೂ ಪಟ್ಟಿಯಲ್ಲಿರಲಿ. ಇನ್‌ಹೇಲರ್ ಶ್ವಾಸಕೋಶಕ್ಕೆ ಮಾತ್ರ ಎಂಬುದು ತಪ್ಪು ಕಲ್ಪನೆ. ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಬಳಸಿದರೆ ಅದರ ಒಂದಂಶ ರಕ್ತಕ್ಕೂ ಸೇರಿ ಅಡ್ರಿನಲನ್ನು ಸುಮ್ಮನಾಗಿಸುತ್ತದೆ. ಜೊತೆಗೆ ಎಚ್‌ಐವಿಗೆ ಕೊಡುವ ರಿಟೊನಾವಿರ್ ಅಥವಾ ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಾಕೊನಜೋಲ್ ಸೇವಿಸುತ್ತಿದ್ದರೆ ಸ್ಟೀರಾಯ್ಡ್ ದೇಹದಲ್ಲಿ ಕರಗದೆ ಉಳಿದು ಪರಿಣಾಮ ಇನ್ನೂ ಹೆಚ್ಚುತ್ತದೆ.

ನೋವಿಗೆಂದು ಕೊಂಡ, ಹೆಸರಿಲ್ಲದ ಪೊಟ್ಟಣದ ಪುಡಿಗಳನ್ನೂ ಮುಚ್ಚಿಡಬೇಡಿ. ಹಚ್ಚಿದ ಕೂಡಲೇ, ನುಂಗಿದ ಕೂಡಲೇ ಪವಾಡದಂತೆ ಗುಣ ಕೊಡುವ ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ನಿಮ್ಮನ್ನು ಬೈಯಲು ಯಾರೂ ಕೇಳುತ್ತಿಲ್ಲ. ಉತ್ತರ ಸಿಕ್ಕರೆ ನಿಮ್ಮ ಜೀವಕ್ಕೆ ಭದ್ರತೆ.

ಹೆಸರುಗಳು ಬೇರೆ ಬೇರೆ, ಶಕ್ತಿಯೂ ಬೇರೆ. ಪ್ರೆಡ್ನಿಸೊಲೋನ್ 5 ಮಿ.ಗ್ರಾಂ ಮಾಡುವ ಕೆಲಸಕ್ಕೆ ಹೈಡ್ರೋಕಾರ್ಟಿಸೋನ್ 20, ಡೆಫ್ಲಜಾಕಾರ್ಟ್ 6, ಮೀಥೈಲ್‌ಪ್ರೆಡ್ನಿಸೊಲೋನ್ 4 ಮಿ.ಗ್ರಾಂ ಬೇಕು; ಡೆಕ್ಸಾಮೆಥಸೋನ್ ಆದರೆ 0.75 ಮಿ.ಗ್ರಾಂ ಸಾಕು. ಡೆಕ್ಸಾಮೆಥಸೋನಿನ ಮಾತ್ರೆ ಪುಟ್ಟದೆಂದು ಹಗುರವಾಗಿ ತಿಳಿಯಬೇಡಿ. ಅದರ ಪ್ರಭಾವ ಒಂದೂವರೆ ದಿನಕ್ಕಿಂತ ಹೆಚ್ಚು ಉಳಿಯುತ್ತದೆ. ವಯಸ್ಕರು ದಿನಕ್ಕೆ 5 ಮಿ.ಗ್ರಾಂ ಪ್ರೆಡ್ನಿಸೊಲೋನಿಗೆ ಸಮನಾದುದನ್ನು ನಾಲ್ಕು ವಾರ ಅಥವಾ ಹೆಚ್ಚು ಕಾಲ ತೆಗೆದುಕೊಂಡಿದ್ದರೆ ಅಡ್ರಿನಲ್ ಮಲಗಿರಬಹುದು ಎಂದೇ ಎಣಿಸಬೇಕು. ಒಂದೆರಡು ವಾರ ಮಾತ್ರ ತೆಗೆದುಕೊಂಡವರಿಗೆ ಸಾಮಾನ್ಯವಾಗಿ ಈ ಚಿಂತೆ ಇಲ್ಲ. ರಾತ್ರಿ ಮಾತ್ರೆ ನುಂಗುವವರಲ್ಲಿ ಗ್ರಂಥಿ ಹೆಚ್ಚು ಸೊರಗುತ್ತದೆ. ನಸುಕಿನ ಎಸಿಟಿಎಚ್ ಏರಿಕೆಯನ್ನೇ ಅದು ತಡೆಯುತ್ತದೆ.

ಹಂತ 2: ಅರಿವಳಿಕೆ ತಜ್ಞರಿಗೆ ಬಾಯಿಬಿಟ್ಟು ಹೇಳಿ

ಶಸ್ತ್ರಚಿಕಿತ್ಸಕರಿಗೆ ಹೇಳಿದ್ದೇನೆ, ಫೈಲಿನಲ್ಲಿದೆ ಎಂದು ಸುಮ್ಮನಿರಬೇಡಿ. ‘ನಾನು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ’ ಎಂಬ ವಾಕ್ಯವನ್ನು ಅರಿವಳಿಕೆ ತಜ್ಞರಿಗೆ ನೀವೇ ಹೇಳಿ. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿರಬೇಕೆಂದು ಹಲವರು ಮಾತ್ರೆಯನ್ನೂ ಬಿಡುತ್ತಾರೆ. ವೈದ್ಯರು ಬೇರೆ ಹೇಳದ ಹೊರತು ಎಂದಿನ ಡೋಸನ್ನು ಗುಟುಕು ನೀರಿನೊಂದಿಗೆ ನುಂಗಬಹುದು. ಅಡ್ರಿನಲ್ ಕೊರತೆ ಖಚಿತವಾಗಿರುವವರ ಹೆಸರು ಬೆಳಗಿನ ಪಟ್ಟಿಯಲ್ಲಿ ಮೊದಲಿರುವುದು ಒಳ್ಳೆಯದು. ಉಪವಾಸ ಉದ್ದವಾದಷ್ಟೂ ಅವರ ಸಕ್ಕರೆ ಅಂಶ ಇಳಿಯುತ್ತದೆ.

ಪರೀಕ್ಷೆ ಬೇಕೇ?

ಎಲ್ಲರಿಗೂ ಬೇಡ. ಬೆಳಿಗ್ಗೆ 8ರಿಂದ 9 ಗಂಟೆಯ ನಡುವೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ ಒಂದು ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಚೇತರಿಸಿಕೊಂಡಿದೆ ಎನ್ನಬಹುದು, 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಮಲಗಿದೆ. ನಡುವಿನ ಅಂಕಿ ಬಂದರೆ 250 ಮೈಕ್ರೋಗ್ರಾಂ ಕೃತಕ ಎಸಿಟಿಎಚ್ ಚುಚ್ಚಿ, ಅರ್ಧ ಗಂಟೆ ಮತ್ತು ಒಂದು ಗಂಟೆಯ ನಂತರ ಗ್ರಂಥಿ ಎಷ್ಟು ಓಗೊಡುತ್ತದೆ ಎಂದು ನೋಡುತ್ತಾರೆ. ಪ್ರೆಡ್ನಿಸೊಲೋನ್ ಈ ಪರೀಕ್ಷೆಯಲ್ಲಿ ತಾನೇ ಕಾರ್ಟಿಸಾಲ್ ಎಂಬಂತೆ ತೋರಿ ದಾರಿ ತಪ್ಪಿಸುತ್ತದೆ. ಎಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ತುರ್ತು ಶಸ್ತ್ರಚಿಕಿತ್ಸೆಯಾದರೆ ಪರೀಕ್ಷೆಗೆ ಕಾಯಲೇಬಾರದು. ಸಂಶಯವಿದ್ದರೆ ಕೊಟ್ಟುಬಿಡುವುದೇ ಲೇಸು, ಒಂದು ಡೋಸ್ ಹೈಡ್ರೋಕಾರ್ಟಿಸೋನಿನಿಂದ ಆಗುವ ಕೆಡುಕು ಅತ್ಯಲ್ಪ.

ಹಂತ 3: ಥಿಯೇಟರಿನೊಳಗೆ ಏನಾಗುತ್ತದೆ

ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘ 2020ರಲ್ಲಿ ಕೊಟ್ಟ ಮಾರ್ಗಸೂಚಿ ಸರಳವಾಗಿದೆ. ವಯಸ್ಕರಿಗೆ ಅರಿವಳಿಕೆ ಆರಂಭಿಸುವಾಗ ರಕ್ತನಾಳಕ್ಕೆ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್. ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಅದರ ಹಿಂದೆಯೇ 24 ಗಂಟೆಗೆ 200 ಮಿ.ಗ್ರಾಂ ಲೆಕ್ಕದಲ್ಲಿ ಡ್ರಿಪ್ ಮೂಲಕ, ಅಥವಾ ಆರು ಗಂಟೆಗೊಮ್ಮೆ 50 ಮಿ.ಗ್ರಾಂ. ಮಕ್ಕಳಿಗೆ ತೂಕಕ್ಕೆ ತಕ್ಕಂತೆ, ಕಿಲೋಗೆ 2 ಮಿ.ಗ್ರಾಂನಿಂದ ಆರಂಭ. ಹೈಡ್ರೋಕಾರ್ಟಿಸೋನನ್ನೇ ಆರಿಸುವುದಕ್ಕೆ ಕಾರಣವಿದೆ: ಅದು ನಮ್ಮ ದೇಹದ ಕಾರ್ಟಿಸಾಲೇ, ಬೇಗ ಕೆಲಸ ಶುರು ಮಾಡುತ್ತದೆ, ಉಪ್ಪು ಹಿಡಿದಿಡುವ ಗುಣವೂ ಇದೆ.

ಎಂದಿನ ಮಾತ್ರೆ ಮುಂದುವರಿಸಿದರೆ ಸಾಕು, ಹೆಚ್ಚುವರಿ ಬೇಡ ಎನ್ನುವ ವೈದ್ಯರೂ ಇದ್ದಾರೆ, ಅವರ ವಾದಕ್ಕೆ ಕೆಲವು ಸಣ್ಣ ಅಧ್ಯಯನಗಳ ಬೆಂಬಲವೂ ಇದೆ. ಹಿಂದೆ ದಿನಗಟ್ಟಲೆ ಸುರಿಯುತ್ತಿದ್ದ ಭಾರಿ ಡೋಸುಗಳಿಂದ ಸಕ್ಕರೆ ಏರಿ, ಸೋಂಕು ತಗುಲಿ, ಗಾಯ ಮಾಗದೆ ರೋಗಿಗಳು ಬಳಲಿದ್ದು ನಿಜ. ಆದರೂ ಮೊದಲ ದಿನದ ಅಳತೆಯ ರಕ್ಷಣೆಯನ್ನು ನಾನು ಬಿಡುವುದಿಲ್ಲ. ಬಿಟ್ಟರೆ ಆಗಬಹುದಾದ ನಷ್ಟಕ್ಕೂ ಕೊಟ್ಟರೆ ಆಗುವ ತೊಂದರೆಗೂ ಹೋಲಿಕೆಯೇ ಇಲ್ಲ.

ಅಡ್ರಿನಲ್ ಗ್ರಂಥಿಯೇ ಹಾಳಾಗಿರುವ ಅಡಿಸನ್ ಕಾಯಿಲೆಯವರ ವಿಷಯದಲ್ಲಿ ಈ ಚರ್ಚೆಗೆ ಜಾಗವೇ ಇಲ್ಲ. ಅವರಿಗೆ ಉಪ್ಪಿನ ಸಮತೋಲ ಕಾಯುವ ಆಲ್ಡೋಸ್ಟಿರೋನ್ ಕೂಡ ಇರುವುದಿಲ್ಲ, ಹಾಗಾಗಿ ಆ ಗುಣವಿಲ್ಲದ ಡೆಕ್ಸಾಮೆಥಸೋನ್ ಒಂದರಿಂದಲೇ ಕೆಲಸ ಆಗದು. ಜಾನ್ ಎಫ್. ಕೆನಡಿ ಅವರಿಗೆ ಈ ಕಾಯಿಲೆ ಇತ್ತು. 1954ರ ಅಕ್ಟೋಬರಿನಲ್ಲಿ ಸೆನೆಟರ್ ಆಗಿದ್ದಾಗ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾಗಿ, ನಂತರದ ಸೋಂಕಿನಿಂದ ಸಾವಿನ ಅಂಚಿಗೆ ಹೋಗಿ ಮರಳಿದರು. ಮರುವರ್ಷ ವೈದ್ಯ ಪತ್ರಿಕೆಯಲ್ಲಿ ಹೆಸರಿಲ್ಲದ ‘37 ವರ್ಷದ ಪುರುಷ’ನಾಗಿ ಅವರ ಕಥೆ ಅಚ್ಚಾಯಿತು.

ಅರಿವಳಿಕೆಗೆ ಬಳಸುವ ಎಟೊಮಿಡೇಟ್ ಎಂಬ ಔಷಧ ಕಾರ್ಟಿಸಾಲ್ ತಯಾರಿಯನ್ನೇ ತಡೆಯುತ್ತದೆ, ಒಂದು ಡೋಸ್ ಸಾಕು. ಸ್ಟೀರಾಯ್ಡ್ ವಿಷಯ ಮೊದಲೇ ಗೊತ್ತಿದ್ದರೆ ತಜ್ಞರು ಬೇರೆಯದನ್ನು ಆರಿಸಿಕೊಳ್ಳಬಹುದು.

ಹಂತ 4: ವಾರ್ಡಿಗೆ ಮರಳಿದ ಮೇಲೆ ಕಣ್ಣಿಡಿ

ಥಿಯೇಟರಿನಲ್ಲಿ ಎಲ್ಲರ ಗಮನ ರೋಗಿಯ ಮೇಲಿರುತ್ತದೆ. ಹೆಚ್ಚಾಗಿ ಕೈತಪ್ಪುವುದು ಆಮೇಲೆ, ಪಾಳಿ ಬದಲಾಗುವಾಗ. ಬಾಯಿಂದ ಏನೂ ಕೊಡಬಾರದು ಎಂದು ಬರೆದ ಚೀಟಿ ಹಾಸಿಗೆಗೆ ತೂಗುತ್ತಿರುತ್ತದೆ, ಮಾತ್ರೆ ನಿಲ್ಲುತ್ತದೆ, ಬದಲಿಗೆ ಚುಚ್ಚುಮದ್ದು ಬರೆದಿರುವುದಿಲ್ಲ. ಜೊತೆಗಿರುವವರು ದಿನಕ್ಕೊಮ್ಮೆ ನರ್ಸ್ ಬಳಿ ‘ಇವತ್ತಿನ ಸ್ಟೀರಾಯ್ಡ್ ಆಯಿತೇ?’ ಎಂದು ಕೇಳಲಿ.

ವಿಪರೀತ ಸುಸ್ತು, ನಿಲ್ಲದ ವಾಂತಿ, ಹೊಟ್ಟೆನೋವು, ಜ್ವರ, ಮಂಕು, ಇಳಿಯುತ್ತಿರುವ ರಕ್ತದೊತ್ತಡ ಇವು ಎಚ್ಚರಿಕೆಯ ಚಿಹ್ನೆಗಳು. ಇವನ್ನು ಸೋಂಕು ಅಥವಾ ರಕ್ತಸ್ರಾವ ಎಂದು ತಿಳಿಯುವುದು ಸುಲಭ, ಆ ಎರಡನ್ನೂ ಹುಡುಕಲೂ ಬೇಕು. ರಕ್ತಪರೀಕ್ಷೆಯಲ್ಲಿ ಸೋಡಿಯಂ ಮತ್ತು ಸಕ್ಕರೆ ಕಡಿಮೆ ಬರಬಹುದು. ಪೊಟ್ಯಾಸಿಯಂ ಸರಿಯಾಗಿದೆ ಎಂದು ನೆಮ್ಮದಿಪಡಬಾರದು. ಮಾತ್ರೆಯಿಂದ ಮಲಗಿದ ಅಡ್ರಿನಲಿನಲ್ಲಿ ಆಲ್ಡೋಸ್ಟಿರೋನ್ ಉಳಿದಿರುವುದರಿಂದ ಪೊಟ್ಯಾಸಿಯಂ ಏರುವುದಿಲ್ಲ. ಅನುಮಾನ ಬಂದ ಕ್ಷಣವೇ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಮತ್ತು ವೇಗವಾಗಿ ಸಲೈನ್. ವರದಿ ಆಮೇಲೆ ಬರಲಿ.

ಆಹಾರ ಸೇವಿಸಲು ಆರಂಭಿಸಿದ ಮೇಲೆ ಎಂದಿನ ಮಾತ್ರೆಯ ದುಪ್ಪಟ್ಟನ್ನು 48 ಗಂಟೆ, ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಒಂದು ವಾರದವರೆಗೂ ಕೊಟ್ಟು, ಮತ್ತೆ ಹಳೆಯ ಡೋಸಿಗೆ ತರುತ್ತಾರೆ. ಗಾಯದ ಮೇಲೂ ಗಮನವಿರಲಿ. ಸ್ಟೀರಾಯ್ಡ್ ಜ್ವರವನ್ನೂ ಊತವನ್ನೂ ಮರೆಮಾಚುತ್ತದೆ, ಕೀವು ತುಂಬಿದ ಗಾಯವೂ ಹೊರಗೆ ಶಾಂತವಾಗಿ ಕಾಣಬಹುದು. ನೋವಿನ ಮಾತ್ರೆಯ ಜೊತೆ ಸೇರಿದರೆ ಜಠರದಲ್ಲಿ ಹುಣ್ಣಾಗುವ ಸಂಭವ ಹೆಚ್ಚು.

ಹಂತ 5: ಮನೆಗೆ ಹೊರಡುವ ಮುನ್ನ

ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೀರಾಯ್ಡ್ ಡೋಸ್ ದಿನಾಂಕ ಸಮೇತ ಇದೆಯೇ ನೋಡಿ. ಮಾತ್ರೆಯನ್ನು ಕೊನೆಗೊಮ್ಮೆ ಬಿಡಬೇಕಾದರೆ ಅದು ವೈದ್ಯರ ಲೆಕ್ಕದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಆಗಬೇಕು. ಆಮೇಲೆ ಅಂಗೈಯಗಲದ ಒಂದು ಕಾರ್ಡಿನಲ್ಲಿ ಇಷ್ಟನ್ನು ಬರೆದು ಪರ್ಸಿನಲ್ಲಿಡಿ. ಮಂಡಿಯ ಶಸ್ತ್ರಚಿಕಿತ್ಸೆ ಆರು ವಾರ ತಡವಾಗಿ ಆದ ಆ ಹೆಂಗಸಿಗೆ ನಾನು ಬರೆದುಕೊಟ್ಟದ್ದೂ ಇದನ್ನೇ:

‘ನಾನು ಮೂರು ವರ್ಷದಿಂದ ದಿನಕ್ಕೆ 10 ಮಿ.ಗ್ರಾಂ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ಥಟ್ಟನೆ ನಿಲ್ಲಿಸಬಾರದು. ಅಪಘಾತ, ಶಸ್ತ್ರಚಿಕಿತ್ಸೆ, ನಿಲ್ಲದ ವಾಂತಿ ಅಥವಾ ಪ್ರಜ್ಞೆ ತಪ್ಪಿದ ಸಂದರ್ಭದಲ್ಲಿ ತಡಮಾಡದೆ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಚುಚ್ಚುಮದ್ದು ಕೊಡಿ.’