ಕೆರೆಗೆ ನೀರೇಕೆ ಬರುತ್ತಿಲ್ಲ? ನಾಲ್ಕು ವಿಷಯದವರು ಕೂಡಿ ಅಧ್ಯಯನ ಮಾಡುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಒಂದು ಕೆರೆ ಒಣಗಿದರೆ ಜಲವಿಜ್ಞಾನದವರು ಒಂದು ವರದಿ ಬರೆಯುತ್ತಾರೆ, ಕೃಷಿಯವರು ಇನ್ನೊಂದು, ಸಮಾಜಶಾಸ್ತ್ರದವರು ಮತ್ತೊಂದು. ಮೂರನ್ನೂ ಒಂದೇ ರಟ್ಟಿನೊಳಗೆ ಹೊಲಿದು ಅಂತರಶಿಸ್ತೀಯ ಸಂಶೋಧನೆ ಎಂದು ಹೆಸರಿಡುವುದು ರೂಢಿ. ಊರಿನವರು ಕೇಳುವುದು ಮಾತ್ರ ಒಂದೇ ಪ್ರಶ್ನೆ: ಮಳೆ ಬಂದರೂ ಕೆರೆ ಯಾಕೆ ಕೋಡಿ ಬೀಳುತ್ತಿಲ್ಲ? ಇದಕ್ಕೆ ಉತ್ತರ ಆ ಮೂರು ಅಧ್ಯಾಯಗಳಲ್ಲಿ ಎಲ್ಲೂ ಸಿಗುವುದಿಲ್ಲ.

ಇಲ್ಲಿ ಹೇಳುವ ಕ್ರಮ ಒಂದು ಕೆರೆ, ಒಂದು ಜಲವರ್ಷ (ಜೂನ್ 1ರಿಂದ ಮೇ 31), ನಾಲ್ಕು ಜನರ ತಂಡಕ್ಕೆ ಹೊಂದುವಂಥದ್ದು: ಜಲ-ಭೂವಿಜ್ಞಾನ ಬಲ್ಲವರು, ಮಣ್ಣು-ಬೆಳೆ ಬಲ್ಲವರು, ಸಮಾಜ-ಅರ್ಥಶಾಸ್ತ್ರದವರು ಮತ್ತು ಕಂದಾಯ ದಾಖಲೆ ಓದಬಲ್ಲವರು ಒಬ್ಬೊಬ್ಬರು. ನಾಲ್ಕನೆಯವರಿಲ್ಲದೆ ಹೊರಡುವ ತಂಡಗಳೇ ಹೆಚ್ಚು. ಮುಂದೆ ಕೆಲಸ ಸಿಕ್ಕಿಕೊಳ್ಳುವುದೂ ಅಲ್ಲೇ.

ಮೊದಲು ಕಾರಣಗಳ ಹಾಳೆ, ಆಮೇಲೆ ಉಪಕರಣ

'ಕೆರೆಯ ಸುಸ್ಥಿರ ನಿರ್ವಹಣೆ' ಎಂಬುದು ಪ್ರಶ್ನೆಯಲ್ಲ, ಶೀರ್ಷಿಕೆ. ನಾಲ್ವರೂ ಕೂತು, ಕೆರೆಗೆ ನೀರು ಬರದಿರಲು ಇರಬಹುದಾದ ಕಾರಣಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ: ಮಳೆ ಕಡಿಮೆಯಾಗಿದೆ, ರಾಜಕಾಲುವೆ ಮುಚ್ಚಿದೆ, ಮೇಲೆ ಚೆಕ್ ಡ್ಯಾಂ ಮತ್ತು ಕೃಷಿಹೊಂಡ ಬಂದಿವೆ, ಅಂತರ್ಜಲ ಇಳಿದು ಹಳ್ಳದ ತಳವೇ ನೀರು ಕುಡಿಯುತ್ತಿದೆ, ಜಲಾನಯನದಲ್ಲಿ (ಕೆರೆಗೆ ಮಳೆನೀರು ಹರಿದುಬರುವ ಪ್ರದೇಶದಲ್ಲಿ) ನೀಲಗಿರಿ ಹಬ್ಬಿದೆ. ಪ್ರತಿ ಕಾರಣದ ಮುಂದೆ ಎರಡು ಕಲಂ ಇರಲಿ. ಇದು ನಿಜವಾದರೆ ಏನು ಕಾಣಬೇಕು? ಏನು ಕಂಡರೆ ಇದನ್ನು ಹೊಡೆದುಹಾಕಬೇಕು? ಎರಡನೆಯ ಕಲಂ ತುಂಬಲಾಗದ ಕಾರಣಕ್ಕೆ ಅಳತೆ ಮಾಡಿ ಪ್ರಯೋಜನವಿಲ್ಲ.

ಈ ಹಾಳೆಯಿಂದ ಮೊದಲ ದಿನವೇ ಒಂದು ಲಾಭವಿದೆ. ಎಲ್ಲರ ಬಾಯಲ್ಲೂ ಮೊದಲು ಬರುವ ಕಾರಣ ಹೂಳು. ಆದರೆ ಕೆರೆಯ ಅಂಗಳದಲ್ಲಿ ಹೂಳು ತುಂಬಿದರೆ ಕೆರೆ ಹಿಡಿಯುವ ನೀರು ಕಡಿಮೆಯಾಗುತ್ತದೆ, ಹಾಗಾಗಿ ಕೋಡಿ ಇನ್ನೂ ಬೇಗ ಬೀಳಬೇಕು. ಕೋಡಿಯೇ ಬೀಳದ ಕೆರೆಗೆ ಅಂಗಳದ ಹೂಳು ಕಾರಣವಾಗಲಾರದು. ಕಾಲುವೆಯಲ್ಲಿನ ಹೂಳು ಬೇರೆ ಮಾತು. ಲಕ್ಷಾಂತರ ರೂಪಾಯಿ ಸುರಿದು ಹೂಳೆತ್ತಿದ ಮೇಲೂ ಕೆರೆ ಒಣಗೇ ಇರುವುದೇಕೆ ಎಂಬುದರ ಅರ್ಧ ಉತ್ತರ ಇಲ್ಲಿದೆ.

ಬೆಂಗಳೂರಿನ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಅರ್ಕಾವತಿಯ ಹರಿವು ಕುಗ್ಗಿದ್ದೇಕೆ ಎಂದು ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ಇದೇ ದಾರಿಯಲ್ಲಿ. ಕಾರಣಗಳನ್ನು ಎದುರುಬದುರು ನಿಲ್ಲಿಸಿ ನೋಡಿದಾಗ ಮಳೆ, ತಾಪಮಾನ ಎರಡೂ ಬಿದ್ದುಹೋದವು. ಅಂತರ್ಜಲ ಎತ್ತುವಿಕೆ ಮತ್ತು ನೀಲಗಿರಿ ತೋಪು ಮುಂದೆ ನಿಂತವು. ಹಳ್ಳದ ಅಡ್ಡಗಟ್ಟೆಗಳ ಪಾಲು ಅವಕ್ಕಿಂತ ಕಡಿಮೆ.

ಗಡಿ ಯಾರದು?

ಜಲವಿಜ್ಞಾನಕ್ಕೆ ಗಡಿ ಜಲಾನಯನ, ಸಮೀಕ್ಷೆಗೆ ಗಡಿ ಊರು, ಕಂದಾಯಕ್ಕೆ ಗಡಿ ಸರ್ವೆ ನಂಬರು. ಮೂರೂ ಒಂದರ ಮೇಲೊಂದು ಕೂರುವುದಿಲ್ಲ. ಜಲಾನಯನವನ್ನೇ ಗಡಿಯಾಗಿ ಹಿಡಿಯಿರಿ. ಅದರ ಮೇಲೆ ಗ್ರಾಮ ನಕ್ಷೆ ಕೂರಿಸಿ, ಎಲ್ಲ ಮಾಹಿತಿಗೂ ಸರ್ವೆ ನಂಬರು ಮತ್ತು ಹಿಸ್ಸಾವನ್ನು (ಆ ನಂಬರಿನ ಉಪಭಾಗ) ಕೊಂಡಿಯಾಗಿ ಬಳಸಿ. ಬಾವಿ, ಬೆಳೆ, ಮಣ್ಣಿನ ಮಾದರಿ, ಪಹಣಿ ಎಲ್ಲವೂ ಆ ಸಂಖ್ಯೆಯ ಮೂಲಕ ಒಂದಕ್ಕೊಂದು ಸೇರುತ್ತವೆ. ಹೊಲದಲ್ಲಿ ನಿಂತು ನಂಬರು ನೋಡಲು ದಿಶಾಂಕ್ ಆ್ಯಪ್ ಸಾಕು. ಗಡಿ ತಕರಾರಿರುವ ಕಡೆ ಅದನ್ನು ಸಾಕ್ಷಿಯಾಗಿ ಹಿಡಿಯಬೇಡಿ.

ಜಲಾನಯನದ ಗೆರೆ ಎಳೆಯಲು, ನೆಲದ ಎತ್ತರವನ್ನು 30 ಮೀಟರ್ ಚೌಕಗಳಲ್ಲಿ ತೋರಿಸುವ ನಕ್ಷೆ ಬಳಸುವುದು ವಾಡಿಕೆ. ಬಯಲುಸೀಮೆಯ ತಗ್ಗು ಇಳಿಜಾರಿನಲ್ಲಿ ಅದು ಮೋಸ ಮಾಡುತ್ತದೆ. ಹೊಸ ರಸ್ತೆಯ ಏರು, ಲೇಔಟಿನ ಚರಂಡಿ, ಮುಚ್ಚಿದ ಮೋರಿ ಯಾವುದೂ ಅದರಲ್ಲಿ ಕಾಣುವುದಿಲ್ಲ. ಜೋರು ಮಳೆಯ ದಿನ ಕಾಲುವೆಗುಂಟ ನಡೆದು ಗೆರೆ ತಿದ್ದಿ. ಮೇಲೆ ಬೇರೆ ಕೆರೆಗಳಿದ್ದರೆ ಅವೂ ಲೆಕ್ಕಕ್ಕೆ ಬರಬೇಕು: ನಮ್ಮ ಕೆರೆಗಳು ಸರಣಿಯಲ್ಲಿ ಕಟ್ಟಿದವು, ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು.

ಕೋಲಾರದಲ್ಲಾದರೆ ಇನ್ನೊಂದು ಎಚ್ಚರ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ನಿಮ್ಮ ಕೆರೆ ಆ ಸಾಲಿನಲ್ಲಿದ್ದರೆ ಆ ನೀರಿಗೆ ಪ್ರತ್ಯೇಕ ಕಲಂ ಬೇಕು, ಇಲ್ಲವಾದರೆ ಮಳೆನೀರಿನ ಲೆಕ್ಕ ಪೂರ್ತಿ ಹಾಳು.

ನೀರಿನ ಲೆಕ್ಕ

ಮೇ ತಿಂಗಳೊಳಗೆ ಮೂರು ಕೆಲಸ ಮುಗಿದಿರಬೇಕು. ಒಣಗಿದ ಅಂಗಳವನ್ನು ಲೆವೆಲ್ ಹಿಡಿದು ಅಳೆಯುವುದು, ತೂಬಿನ ಬಳಿ ಮಟ್ಟ ಓದುವ ಕಂಬ ನೆಡುವುದು, ಮಳೆಮಾಪಕ ಕೂರಿಸುವುದು. ಹತ್ತಿರದ ಮರ ಅಥವಾ ಗೋಡೆಯ ಎತ್ತರ ಎಷ್ಟಿದೆಯೋ ಅದರ ಕನಿಷ್ಠ ಎರಡು ಪಟ್ಟು ದೂರದಲ್ಲಿ ಮಾಪಕವಿರಲಿ, ದಿನಾ ಬೆಳಗ್ಗೆ 8.30ಕ್ಕೆ ಓದಿ. ಹೋಬಳಿ ಮಟ್ಟದ ಮಳೆ ಅಂಕಿಅಂಶ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ, ಅದನ್ನು ತಾಳೆ ನೋಡಲು ಬಳಸಿ. ಅಂಗಳ ಅಳೆಯುವುದು ತಪ್ಪಿಹೋದರೆ, ನೀರಿರುವಾಗ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರಗಳಿಂದ ನೀರಿನ ಹರವು ತೆಗೆದು, ಅದೇ ದಿನದ ಕಂಬದ ಓದಿನೊಂದಿಗೆ ಜೋಡಿಸಬಹುದು. ಜೊಂಡು ಮತ್ತು ಕಳೆ ಹಬ್ಬಿದ ಕೆರೆಯಲ್ಲಿ ಈ ಉಪಾಯ ನಡೆಯದು: ಚಿತ್ರದಲ್ಲಿ ನೀರು ಹೊಲದಂತೆ ಕಾಣುತ್ತದೆ.

ಮಳೆಯಿಲ್ಲದ, ತೂಬು ಮುಚ್ಚಿದ ದಿನಗಳನ್ನು ಆರಿಸಿಕೊಳ್ಳಿ. ನೀರಿನ ಹರವು 12 ಹೆಕ್ಟೇರ್, ಮಟ್ಟ ದಿನಕ್ಕೆ 14 ಮಿ.ಮೀ. ಇಳಿಯುತ್ತಿದೆ ಎನ್ನೋಣ. ಹತ್ತಿರದ ಕೃಷಿ ಸಂಶೋಧನಾ ಕೇಂದ್ರದ ಆವಿ ಅಳೆಯುವ ತಟ್ಟೆಯಲ್ಲಿ ಆವಿಯಾದದ್ದು 7 ಮಿ.ಮೀ. ಇದ್ದರೆ, 0.7ರಿಂದ ಗುಣಿಸಿದಾಗ (ಕೆರೆಗಿಂತ ತಟ್ಟೆಯಲ್ಲಿ ಹೆಚ್ಚು ಆವಿಯಾಗುತ್ತದೆ) ಕೆರೆಯಿಂದ ಆವಿಯಾದದ್ದು ಸುಮಾರು 5 ಮಿ.ಮೀ. ಉಳಿದ 9 ಮಿ.ಮೀ. ಎಲ್ಲಿ ಹೋಯಿತು? ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ಎಂದರೆ 10 ಘನ ಮೀಟರ್, ಹಾಗಾಗಿ ಇದು ದಿನಕ್ಕೆ 1,080 ಘನ ಮೀಟರ್.

ಇದನ್ನೆಲ್ಲ 'ಇಂಗಿತು' ಎಂದು ಬರೆದು ಮುಂದೆ ಹೋಗುವುದು ಬಹಳ ಸಾಮಾನ್ಯವಾದ ತಪ್ಪು. ತೂಬು ಸೋರುತ್ತಿರಬಹುದು. ದಂಡೆಯ ಪಂಪುಗಳು ನೇರವಾಗಿ ಎತ್ತುತ್ತಿರಬಹುದು. ಬೆಳಗ್ಗೆ 6, ಸಂಜೆ 6ಕ್ಕೆ ಮಟ್ಟ ಓದಿ ಹಗಲು-ರಾತ್ರಿ ಇಳಿತವನ್ನು ಬೇರ್ಪಡಿಸಿ. ರಾತ್ರಿ ಆವಿಯಾಗುವುದು ಕಡಿಮೆ, ಆಗಿನ ಇಳಿತ ಬಹುತೇಕ ಇಂಗಿದ್ದು, ಸೋರಿದ್ದು ಅಥವಾ ಎತ್ತಿದ್ದು. ಗಾಳಿಯ ಅಲೆಗೆ ಓದು ತಪ್ಪದಂತೆ 4 ಇಂಚಿನ ಪಿವಿಸಿ ಪೈಪಿಗೆ ಕೆಳಗೆ ತೂತು ಕೊರೆದು ಅದರೊಳಗೆ ಅಳೆಯಿರಿ. ಹತ್ತು ರಾತ್ರಿಗಳ ಸರಾಸರಿಯಿಲ್ಲದೆ ಏನನ್ನೂ ತೀರ್ಮಾನಿಸಬೇಡಿ. ಪಂಪುಗಳ ಪಾಲು ತಿಳಿಯಬೇಕಾದರೆ ಲೈನ್‌ಮನ್ ಬಳಿ ಆ ವಾರದ ತ್ರೀಫೇಸ್ ವೇಳಾಪಟ್ಟಿ ಪಡೆಯಿರಿ: ಕರೆಂಟು ಇದ್ದ ರಾತ್ರಿಗೂ ಇಲ್ಲದ ರಾತ್ರಿಗೂ ಇಳಿತದಲ್ಲಿ ಇರುವ ವ್ಯತ್ಯಾಸವೇ ಉತ್ತರ. ಜಲವಿಜ್ಞಾನದ ಪುಸ್ತಕ ಈ ವೇಳಾಪಟ್ಟಿಯನ್ನು ಹೇಳಿಕೊಡುವುದಿಲ್ಲ. ಸಮೀಕ್ಷೆಗೆ ಹೋದವರು ಹೇಳಿಯಾರು.

ಬಾವಿ ಮತ್ತು ಮೋಟಾರು

ಜಲಾನಯನ ಮತ್ತು ಅಚ್ಚುಕಟ್ಟು (ಕೆರೆ ನೀರುಣ್ಣುವ ಜಮೀನು) ಸೇರಿ 10ರಿಂದ 15 ಬಾವಿಗಳ ಮಟ್ಟವನ್ನು ತಿಂಗಳಿಗೊಮ್ಮೆ, ಒಂದೇ ತಾರೀಖಿನಂದು ಅಳೆಯಿರಿ. ತೆರೆದ ಬಾವಿ ಅಥವಾ ಬಳಕೆಯಲ್ಲಿಲ್ಲದ ಬೋರ್‌ವೆಲ್ ಉತ್ತಮ. ಓಡುವ ಬೋರ್‌ವೆಲ್ಲಾದರೆ ಮೋಟಾರು ನಿಂತು ಕನಿಷ್ಠ 8 ಗಂಟೆ ಕಳೆದಿರಬೇಕು. ಬತ್ತಿದ ಬೋರ್‌ವೆಲ್‌ಗಳನ್ನೂ ಪಟ್ಟಿಗೆ ಸೇರಿಸಿ, ಕೊರೆಸಿದ ವರ್ಷ, ಆಳ, ಬತ್ತಿದ ವರ್ಷ ಕೇಳಿ. ಗೆದ್ದ ಬೋರ್‌ವೆಲ್ ಮಾತ್ರ ಎಣಿಸಿದರೆ ಊರಿನ ನೀರು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ, ಸಾಲದ ಲೆಕ್ಕವೂ ತಪ್ಪುತ್ತದೆ.

10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಹಾಗಾಗಿ ಬಿಲ್ ನೋಡಿ ಎತ್ತಿದ ನೀರನ್ನು ತಿಳಿಯಲಾಗದು. 200 ಲೀಟರ್ ಡ್ರಮ್ಮು 80 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2.5 ಲೀಟರ್, 7 ಗಂಟೆಗೆ 63 ಘನ ಮೀಟರ್. ಡ್ರಮ್ಮಿನ ಅಳತೆಯನ್ನು ಬೇಸಿಗೆಯಲ್ಲಿ ಇನ್ನೊಮ್ಮೆ ಮಾಡಿ, ಇಳುವರಿ ಕುಸಿದಿರುತ್ತದೆ.

ಮನೆಗಳಿಗೆ ಹೋಗುವಾಗ

60ರಿಂದ 80 ಮನೆ ಸಾಕು, ಆದರೆ ಪಾಲು ಸರಿಯಿರಬೇಕು: ಅಚ್ಚುಕಟ್ಟಿನ ತಲೆಯವರು, ತುದಿಯವರು, ಕೆರೆಯ ಮೇಲ್ಭಾಗದ ರೈತರು, ಭೂಮಿಯಿಲ್ಲದವರು, ಮೀನು ಗುತ್ತಿಗೆ ಹಿಡಿದವರು, ಕುರಿ ಕಾಯುವವರು. ತೂಬು ತೆರೆದು ನೀರು ಹಂಚುವ ನೀರುಗಂಟಿ ಮನೆತನವನ್ನು ಬಿಡಬೇಡಿ. ಹಲವೆಡೆ ಇವರು ದಲಿತ ಕುಟುಂಬದವರು, ತೂಬು ಯಾವ ವರ್ಷದಿಂದ ತೆಗೆದಿಲ್ಲ ಎಂಬುದು ಅವರಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಸಭೆ ಕರೆದು ಕೇಳಿದರೆ ಅವರು ಮಾತಾಡುವುದಿಲ್ಲ, ಮನೆಗೆ ಹೋಗಬೇಕು. ಹೆಂಗಸರ ಜೊತೆ ಮಾತಿಗೆ ಬೆಳಗಿನ ಡೇರಿ ಮುಗಿದ ಮೇಲಿನ ಹೊತ್ತು ಒಳ್ಳೆಯದು.

'ಎಷ್ಟು ನೀರು ಬಳಸುತ್ತೀರಿ' ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ. ಯಾವ ಬೆಳೆ, ಎಷ್ಟು ಗುಂಟೆ, ಎಷ್ಟು ದಿನಕ್ಕೊಮ್ಮೆ ನೀರು, ಆಗ ಮೋಟಾರು ಎಷ್ಟು ಗಂಟೆ ಎಂದು ಕೇಳಿ. ಒತ್ತುವರಿಯ ಮಾತು ಮೊದಲ ಭೇಟಿಯಲ್ಲಿ ಬೇಡವೇ ಬೇಡ. ಅದು ದಾಖಲೆಯಿಂದ ಬರಬೇಕಾದ ಮಾಹಿತಿ, ಜನರ ಬಾಯಿಂದಲ್ಲ. ಹೆಸರು ಮತ್ತು ಸರ್ವೆ ನಂಬರು ಒಂದೇ ಕಡತದಲ್ಲಿ ಇರಲೇಬಾರದು.

ಹಳೆಯ ವರ್ಷಗಳಿಗೆ ಪುರಾವೆ

ಮಟ್ಟದ ದಾಖಲೆ ಇಲ್ಲದ ಕೆರೆಗಳೇ ಹೆಚ್ಚು. ಮೀನು ಹರಾಜಿನ ಪುಸ್ತಕ ನೋಡಿ, ಹರಾಜಾಗದ ವರ್ಷ ಬಹುಪಾಲು ನೀರಿಲ್ಲದ ವರ್ಷ. ಪಹಣಿಯ ಬೆಳೆ ಕಲಂನಲ್ಲಿ ಭತ್ತ ಯಾವ ವರ್ಷ ಕಾಣೆಯಾಯಿತು ಎಂಬುದು ಇನ್ನೊಂದು ಸುಳಿವು, ಹೊಲ ನೋಡದೆ ಬರೆದಿರುವ ಸಾಧ್ಯತೆಯನ್ನು ಮರೆಯದಿದ್ದರೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯತಿ: ಯಾರ ಬಳಿ ಕಡತ ಕೇಳಬೇಕೆಂದು ಇದರಿಂದ ತಿಳಿಯುತ್ತದೆ. ಕೋಡಿ ಬಿದ್ದ ವರ್ಷಗಳನ್ನು ಹಿರಿಯರಿಂದ ಕೇಳಿ, ಮದುವೆ, ಜಾತ್ರೆ, ಚುನಾವಣೆಗೆ ತಾಳೆ ಹಾಕಿ. ಎರಡು ಕಡೆಯಿಂದ ಖಚಿತವಾದ ವರ್ಷವನ್ನಷ್ಟೇ ಬಳಸಿ.

ತಿಂಗಳಿಗೊಮ್ಮೆ ಕೂಡುವುದು

ಪ್ರತಿ ತಿಂಗಳು ಒಂದೇ ನಕ್ಷೆ, ಒಂದೇ ನೀರಿನ ಲೆಕ್ಕದ ಹಾಳೆ ಮುಂದಿಟ್ಟು ಕೂರಿ. ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ವಿವರಿಸಲಿ, ಎಲ್ಲಿ ಅರ್ಥವಾಗಿಲ್ಲವೆಂದು ತಕ್ಷಣ ತಿಳಿಯುತ್ತದೆ. ಲೆಕ್ಕ ಹೊಂದದಿರುವ ಜಾಗ ಚಿನ್ನದಂಥದ್ದು. ಸಮೀಕ್ಷೆ ಹೇಳುವ ಎತ್ತುವಿಕೆ, ಬಾವಿ ಮಟ್ಟದ ಇಳಿತದಿಂದ ಲೆಕ್ಕ ಹಾಕಿದ ನೀರಿನ ಮೂರು ಪಟ್ಟಿದ್ದರೆ ಮೋಟಾರು ಗಂಟೆ ಹೆಚ್ಚು ಹೇಳಿದ್ದಾರೆಯೇ, ಗದ್ದೆಯಿಂದ ಮರಳಿ ಇಂಗಿದ್ದು ಬಿಟ್ಟುಹೋಗಿದೆಯೇ, ಬಂಡೆಯ ನೀರು ಹಿಡಿಯುವ ಪ್ರಮಾಣವನ್ನು ತಪ್ಪಾಗಿ ಹಿಡಿದಿದ್ದೇವೆಯೇ ಎಂದು ಹುಡುಕಬೇಕು. ಶಿಥಿಲ ಗ್ರಾನೈಟಿನಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ 1.5ರಿಂದ 3. ಅಂಕಿ ಬದಲಿಸಿ ಲೆಕ್ಕ ಹೊಂದಿಸಿಬಿಡುವುದು ಸುಲಭ, ಅದನ್ನು ಮಾಡಬೇಡಿ. ಲೇಖನದಲ್ಲಿ ಯಾರ ಹೆಸರು ಎಲ್ಲಿ, ಮಾಹಿತಿ ಯಾರ ಬಳಿ ಎಂಬುದು ಮೊದಲ ತಿಂಗಳಲ್ಲೇ ಬರಹದಲ್ಲಿರಲಿ.

ಅಳತೆಯಿಂದ ತೀರ್ಮಾನವಾಗದ ವಿಷಯ ಒಂದಿದೆ. ಏರಿಯ ಹತ್ತಿರದ ನುಣುಪು ಜೇಡಿಯನ್ನು ಮೊರಂ (ಗರಸು ಮಣ್ಣು) ಸಿಗುವವರೆಗೆ ತೆಗೆದರೆ ನೀರು ಹೆಚ್ಚು ಇಂಗುತ್ತದೆ. ಬೋರ್‌ವೆಲ್ ಇರುವವರಿಗೆ ಅದು ಲಾಭ. ತೂಬಿನ ನೀರನ್ನೇ ನಂಬಿದ, ಬೋರ್‌ವೆಲ್ ಇಲ್ಲದ ತುದಿಯ ರೈತನಿಗೆ, ದನಕ್ಕೆ ನೀರು ಕುಡಿಸುವವರಿಗೆ, ಮೀನಿಗೆ ನಷ್ಟ. ತೂಬು ಮುಚ್ಚಿಡುವ ನಿರ್ಧಾರವೂ ಹೀಗೆಯೇ. ವರದಿಯಲ್ಲಿ 'ಉತ್ತಮ ಆಯ್ಕೆ' ಎಂದು ಬರೆಯದೆ, ಪ್ರತಿ ಆಯ್ಕೆಯಿಂದ ಯಾವ ಗುಂಪಿನ ಎಷ್ಟು ಮನೆಗೆ ಎಷ್ಟು ನೀರು ಹೆಚ್ಚು ಕಡಿಮೆ ಎಂದು ಎರಡು ಕಲಂನಲ್ಲಿ ತೋರಿಸಿ ಗ್ರಾಮಸಭೆಗೆ ಬಿಡಿ.

ಸಭೆಗೆ ಒಂದು ವಾರ ಮುಂಚೆ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಡೇರಿ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಪೆನ್ನು ಕಟ್ಟಿಡಿ. ತಪ್ಪಾದ ಕಾಲುವೆಯನ್ನು ಜನ ಅಲ್ಲೇ ತಿದ್ದುತ್ತಾರೆ. ಆ ತಿದ್ದುಪಡಿಗಳನ್ನು ಕಾಲುವೆಗೆ ಹೋಗಿ ನೋಡಿ, ಸರಿಯಿದ್ದವನ್ನು ಅಂತಿಮ ನಕ್ಷೆಗೆ ಸೇರಿಸಿದ ಮೇಲೆಯೇ ಲೆಕ್ಕವನ್ನು ಇನ್ನೊಮ್ಮೆ ಹಾಕಿ.