ಹಳೆಯ ಟೂರಿಂಗ್ ಬೈಕಿನ ಚಾರ್ಜಿಂಗ್ ದೋಷ: ಪತ್ತೆ ಹಚ್ಚುವ ಕ್ರಮ

ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ ಹೊಸದನ್ನು ತರುವ ಮೊದಲು ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ದೋಷ ಚಾರ್ಜಿಂಗ್ ವ್ಯವಸ್ಥೆಯಲ್ಲಿದ್ದರೆ ಹೊಸ ಬ್ಯಾಟರಿಯೂ ಬೇಗನೆ ಕೈಕೊಡುತ್ತದೆ.

ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಎಂಜಿನ್ನನ್ನು 5000 ಆರ್‌ಪಿಎಂವರೆಗೆ ಏರಿಸಿದಾಗ ಅದೇ ಟರ್ಮಿನಲ್‌ಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಕಾಣಬೇಕು. 15 ದಾಟಿದರೆ ರೆಗ್ಯುಲೇಟರ್ (ವೋಲ್ಟೇಜನ್ನು ಮಿತಿಯಲ್ಲಿಡುವ ಭಾಗ) ಅಥವಾ ಅದರ ಅರ್ಥ್ ಸಂಪರ್ಕದ (ಬೈಕಿನ ಲೋಹದ ಚೌಕಟ್ಟಿಗೆ ಕೊಟ್ಟ ಸಂಪರ್ಕ) ಮೇಲೆ ಅನುಮಾನಪಡಿ. ಸಿಲ್ಕ್ ಬೋರ್ಡ್‌ನ ದಟ್ಟಣೆಯಲ್ಲಿ ನಿಂತಾಗ, ಎಂಜಿನ್ ತಂಪಾಗಿಸುವ ಫ್ಯಾನ್ ಓಡುತ್ತ ಹೆಡ್‌ಲೈಟೂ ಉರಿಯುತ್ತಿರುವಾಗ, ವೋಲ್ಟೇಜ್ ತುಸು ಕುಸಿಯುವುದನ್ನು ದೋಷವೆಂದು ಭಾವಿಸಬೇಕಿಲ್ಲ.

ವೋಲ್ಟೇಜ್ ಏರದಿದ್ದರೆ ಸ್ಟೇಟರ್‌ನಿಂದ (ಎಂಜಿನ್ನಿನೊಳಗೆ ವಿದ್ಯುತ್ ಉತ್ಪಾದಿಸುವ ಸುರುಳಿಗಳು) ಬರುವ ಮೂರು ತಂತಿಗಳ ಕನೆಕ್ಟರ್ ಬಿಚ್ಚಿ ನೋಡಿ. ಹಲವು ಬೈಕುಗಳಲ್ಲಿ ಅವು ಹಳದಿ ಬಣ್ಣದವು. ನನ್ನ ಮಟ್ಟಿಗೆ ಇದೇ ಮೊದಲ ಶಂಕಿತ: ಪ್ಲಾಸ್ಟಿಕ್ ಕಂದಾಗಿ ಕರಗಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಕುಳಿತಿದ್ದರೆ, ಹೆಚ್ಚಿದ ರೋಧದಿಂದ ಅಲ್ಲಿ ಶಾಖ ಹುಟ್ಟುತ್ತಿದೆ ಎಂದರ್ಥ. ಅಂಥ ಕನೆಕ್ಟರನ್ನು ಉಜ್ಜಿ ಮರುಬಳಸದೆ ಬದಲಿಸುವುದೇ ಲೇಸು.

ಕನೆಕ್ಟರ್ ಚೆನ್ನಾಗಿದ್ದರೆ, ಎಂಜಿನ್ ನಿಲ್ಲಿಸಿ, ಸ್ಟೇಟರ್ ಬದಿಯ ತಂತಿಗಳನ್ನು ಎರಡೆರಡಾಗಿ ಅಳೆಯಿರಿ. ಮೂರೂ ಜೋಡಿಗಳಲ್ಲಿ ರೋಧ ಸಮನಾಗಿ, ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮೆ ಇರಬೇಕು. ಯಾವ ತಂತಿಗೂ ಎಂಜಿನ್ ಬಾಡಿಯೊಂದಿಗೆ ಸಂಪರ್ಕ ಇರಕೂಡದು. ಇದ್ದರೆ ಸ್ಟೇಟರ್ ಸುಟ್ಟಿದೆ. ಬಳಿಕ ಎಂಜಿನ್ ಓಡಿಸಿ ಎಸಿ ವೋಲ್ಟೇಜ್ ನೋಡಿ: ಮೂರೂ ಜೋಡಿಗಳು ವೇಗಕ್ಕೆ ತಕ್ಕಂತೆ ಸಮನಾಗಿ ಏರಿ, ಬ್ಯಾಟರಿಯವರೆಗಿನ ತಂತಿ, ಫ್ಯೂಸ್ ಹಾಗೂ ಅರ್ಥ್ ಸರಿಯಿದ್ದರೆ, ಉಳಿಯುವುದು ರೆಗ್ಯುಲೇಟರ್ ರೆಕ್ಟಿಫೈಯರ್ (ಎಸಿಯನ್ನು ಡಿಸಿಯಾಗಿಸಿ ವೋಲ್ಟೇಜನ್ನು ಮಿತಿಯಲ್ಲಿಡುವ ಘಟಕ) ಮಾತ್ರ.