ಮಾಡೆಲ್ ಹೆಲಿಕಾಪ್ಟರಿಗೆ ಟ್ರಾನ್ಸ್‌ಮಿಟರ್ ಆರಿಸುವ ಬಗೆ

ಮಾಡೆಲ್ ಹೆಲಿಕಾಪ್ಟರ್ ಹಾರಿಸಲು ಹೊರಟವರು ಹಣವನ್ನೆಲ್ಲ ಹೆಲಿಕಾಪ್ಟರಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಟ್ರಾನ್ಸ್‌ಮಿಟರ್, ಅಂದರೆ ಕೈಯಲ್ಲಿ ಹಿಡಿದು ಅದನ್ನು ನಡೆಸುವ ರಿಮೋಟ್, ಕೊಳ್ಳುವುದುಂಟು. ಕಲಿಯುವ ದಿನಗಳಲ್ಲಿ ಬ್ಲೇಡು, ಗೇರುಗಳು ಮುರಿಯುತ್ತಲೇ ಇರುತ್ತವೆ. ಟ್ರಾನ್ಸ್‌ಮಿಟರ್ ವರ್ಷಗಟ್ಟಲೆ ಕೈಯಲ್ಲಿರುತ್ತದೆ. ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಅದನ್ನೇ.

ಅಂಗಡಿಯಲ್ಲಿ ಪರದೆಯ ಅಂದ ನೋಡುವ ಮುನ್ನ ಮೋಟಾರಿನ ವೇಗವನ್ನೂ ಏರಿಳಿತವನ್ನೂ ನಿಯಂತ್ರಿಸುವ ಥ್ರಾಟಲ್ ಸ್ಟಿಕ್ಕನ್ನು ಅರ್ಧಕ್ಕೆ ಏರಿಸಿ ಕೈ ಬಿಡಿ. ಮೋಡ್ 2 ಎಂಬ ಸ್ಟಿಕ್ ಜೋಡಣೆಯಲ್ಲಿ ಅದು ಎಡಗಡೆಯದು. ಸ್ಪ್ರಿಂಗಿನಿಂದ ತಾನೇ ನಡುವಿಗೆ ಮರಳಿದರೆ ಅದನ್ನು ಡ್ರೋನಿಗೆಂದು ಹೊಂದಿಸಿದ್ದಾರೆ ಎಂದರ್ಥ. ಹೆಲಿಕಾಪ್ಟರಿಗೆ ಅದು ಬಿಟ್ಟಲ್ಲೇ ನಿಲ್ಲಬೇಕು. ಟಕಟಕನೆ ಹಲ್ಲು ಹಲ್ಲಾಗಿ ಸರಿಯುವುದೂ ಬೇಡ, ಏಕೆಂದರೆ ಒಂದೇ ಎತ್ತರದಲ್ಲಿ ನಿಲ್ಲಿಸಲು ಬೇಕಾದ ಪಿಚ್ (ಬ್ಲೇಡುಗಳ ಓರೆ) ಎಷ್ಟೋ ಸಲ ಎರಡು ಹಲ್ಲುಗಳ ನಡುವೆ ಇರುತ್ತದೆ.

ಬ್ಲೇಡುಗಳ ಓರೆಯನ್ನು ಒಟ್ಟಿಗೆ ಬದಲಿಸಿ ಏರಿಳಿಯುವ ಕಲೆಕ್ಟಿವ್ ಪಿಚ್ ಹೆಲಿಕಾಪ್ಟರಿಗೆ ಏಲೆರಾನ್ (ಎಡಬಲಕ್ಕೆ ವಾಲಿಸಲು), ಎಲಿವೇಟರ್ (ಹಿಂದುಮುಂದಕ್ಕೆ ವಾಲಿಸಲು), ರಡ್ಡರ್ (ಮೂತಿ ತಿರುಗಿಸಲು), ಥ್ರಾಟಲ್, ಪಿಚ್ ಮತ್ತು ಜೈರೋ ಗೇನ್ (ಬಾಲವನ್ನು ಸ್ಥಿರವಾಗಿಡುವ ಜೈರೋದ ಸೂಕ್ಷ್ಮತೆ) ಎಂದು ಕನಿಷ್ಠ 6 ಚಾನೆಲ್ (ಪ್ರತ್ಯೇಕ ನಿಯಂತ್ರಣ) ಬೇಕು. 8 ಇದ್ದರೆ ಮುಂದೆ ರೆಸ್ಕ್ಯೂ (ಹಿಡಿತ ತಪ್ಪಿದ ಹೆಲಿಕಾಪ್ಟರನ್ನು ತಾನೇ ನೇರವಾಗಿಸುವ ಸೌಲಭ್ಯ) ಮೊದಲಾದವಕ್ಕೆ ಒದಗುತ್ತವೆ. ಮೆನುವಿನಲ್ಲಿ ಥ್ರಾಟಲ್ ಕರ್ವ್, ಪಿಚ್ ಕರ್ವ್‌ಗಳನ್ನು (ಸ್ಟಿಕ್ ಎಲ್ಲಿದ್ದರೆ ಎಷ್ಟು ಥ್ರಾಟಲ್, ಎಷ್ಟು ಪಿಚ್ ಎಂಬ ಲೆಕ್ಕ) ಪ್ರತಿ ಫ್ಲೈಟ್ ಮೋಡಿಗೂ, ಅಂದರೆ ಸ್ವಿಚ್ಚಿನಿಂದ ಬದಲಿಸುವ ಪ್ರತಿ ಹಾರಾಟದ ವಿಧಕ್ಕೂ, ಬೇರೆಬೇರೆಯಾಗಿ ಹೊಂದಿಸುವಂತಿರಬೇಕು. ಸ್ವಾಶ್‌ಪ್ಲೇಟ್ ಮಿಕ್ಸಿಂಗ್ (ಬ್ಲೇಡುಗಳನ್ನು ಓರೆಯಾಗಿಸುವ ತಟ್ಟೆಯ ಪುಟ್ಟ ಮೋಟಾರುಗಳನ್ನು ಹೊಂದಿಸಿ ನಡೆಸುವುದು) ಇಲ್ಲವೆಂದು ಕೊರಗಬೇಕಿಲ್ಲ. ಇಂದಿನ ಫ್ಲೈಬಾರ್‌ಲೆಸ್ (ರೋಟರಿನ ಮೇಲೆ ಸ್ಥಿರತೆಯ ಕಡ್ಡಿಯಿಲ್ಲದ) ಹೆಲಿಕಾಪ್ಟರುಗಳಲ್ಲಿ ಆ ಕೆಲಸವನ್ನು ಹೆಲಿಕಾಪ್ಟರಿನೊಳಗಿನ ಕಂಟ್ರೋಲರೇ ಮಾಡುತ್ತದೆ.

ಸ್ಟಿಕ್ ಎಲ್ಲಿದ್ದರೂ ಮೋಟಾರನ್ನು ನಿಲ್ಲಿಸುವ ಥ್ರಾಟಲ್ ಹೋಲ್ಡ್ ಸ್ವಿಚ್ಚಿನ ಬಗ್ಗೆ ಯಾವ ರಾಜಿಯೂ ಸಲ್ಲದು. ನನ್ನ ಮೊದಲ ಟ್ರಾನ್ಸ್‌ಮಿಟರಿನಲ್ಲಿ ಅದೂ, ಸ್ಟಿಕ್ ಕೆಳಗಿದ್ದರೂ ರೋಟರನ್ನು ವೇಗದಲ್ಲೇ ಇಡುವ ಐಡಲ್ ಅಪ್ ಸ್ವಿಚ್ಚೂ ಅಕ್ಕಪಕ್ಕದಲ್ಲಿ, ಒಂದೇ ಆಕಾರದಲ್ಲಿದ್ದವು. ನೆಲಕ್ಕಿಳಿಸಿದ ಮೇಲೆ ಹೋಲ್ಡ್ ಎಂದುಕೊಂಡು ಐಡಲ್ ಅಪ್ ಹಾಕಿದೆ. ನಿಲ್ಲಬೇಕಿದ್ದ ರೋಟರ್ ಪೂರ್ಣ ವೇಗಕ್ಕೆ ಏರಿ, ಹೆಲಿಕಾಪ್ಟರ್ ಮಗುಚಿ, ಬ್ಲೇಡುಗಳು ಚೂರಾದವು. ಸ್ಟಿಕ್ಕಿನಿಂದ ಹೆಬ್ಬೆರಳು ತೆಗೆಯದೆ, ಕಣ್ಣು ಹಾಯಿಸದೆ, ತೋರುಬೆರಳಿಗೆ ಸಿಗುವ ಸ್ವಿಚ್ಚೇ ಹೋಲ್ಡ್ ಆಗಬೇಕು. ಸಿಗ್ನಲ್ ತಪ್ಪಿದಾಗಲೂ ಮೋಟಾರು ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಲು ಬರುತ್ತದೆಯೇ ಎಂದು ಕೇಳಿ.

2.4 ಗಿಗಾಹರ್ಟ್ಸ್ ಎಂದ ಮಾತ್ರಕ್ಕೆ ಎಲ್ಲ ರಿಸೀವರುಗಳೂ (ಹೆಲಿಕಾಪ್ಟರಿನಲ್ಲಿ ಸಿಗ್ನಲ್ ಪಡೆಯುವ ಸಾಧನಗಳು) ಹೊಂದುವುದಿಲ್ಲ. ಸ್ಪೆಕ್ಟ್ರಮ್ ಕಂಪನಿಯ ಡಿಎಸ್‌ಎಮ್‌ಎಕ್ಸ್, ಫ್ಲೈಸ್ಕೈ ಕಂಪನಿಯ ಎಎಫ್‌ಎಚ್‌ಡಿಎಸ್ ಎಂಬ ಸಿಗ್ನಲ್ ಪದ್ಧತಿಗಳು ಬೇರೆಬೇರೆ ಭಾಷೆಗಳಿದ್ದಂತೆ. ರೇಡಿಯೋಮಾಸ್ಟರ್ ಟಿಎಕ್ಸ್16ಎಸ್‌ನ ಮಲ್ಟಿಪ್ರೋಟೋಕಾಲ್ ಆವೃತ್ತಿ ಇಂತಹ ಹಲವನ್ನು ಬಲ್ಲದು, ಆದರೆ ಅದರ ಸೆಟ್ಟಿಂಗುಗಳನ್ನು ಕಲಿಯಲು ತಾಳ್ಮೆ ಬೇಕು. ನಿಮ್ಮೊಡನೆ ಹಾರಿಸುವ ಹಿರಿಯರ ಬಳಿ ಯಾವುದಿದೆಯೋ ಅದನ್ನೇ ಕೊಂಡರೆ, ಮೈದಾನದಲ್ಲಿ ಅಡಚಣೆ ಬಂದಾಗ ಕೇಳಲು ಒಬ್ಬರಿರುತ್ತಾರೆ.

ಯುಎಸ್‌ಬಿ ಮೂಲಕ ಕಂಪ್ಯೂಟರಿನ ಸಿಮ್ಯುಲೇಟರಿಗೆ ಜೋಡಿಸಲು ಬರುವುದನ್ನೇ ಆರಿಸಿ. ಹೆಲಿಕಾಪ್ಟರಿನ ಮೂತಿ ನಿಮ್ಮತ್ತ ತಿರುಗಿದ್ದಾಗಲೂ ಎಡಬಲ ಗೊಂದಲವಾಗದೆ ಅದನ್ನು ಒಂದೆಡೆ ನಿಲ್ಲಿಸಲು ಅಲ್ಲಿ ಸಾಧ್ಯವಾದ ಮೇಲೆ ಹೆಲಿಕಾಪ್ಟರ್ ಕೊಳ್ಳಬಹುದು.